ಹೋಳಿಗೆ ತಿನ್ರಿ, ಚಹಾದ ಲೆಕ್ಕ ಬರೀರಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಈ ಸಂಚಿಕೆಗೆ ಕಾರಣ ಒಂದು ವಾಯ್ಸ್ ನೋಟ್. ರಾಯಬಾಗದ ಕಡೆಯ ಒಬ್ಬ ತಮ್ಮ ಕಳಿಸಿದ್ದು. "ಅಣ್ಣಾ, ತೂಕಾ ಇಳಿಸಬೇಕಂತ ಮೂರ ಸಲಾ ಸ್ವೀಟ್ ಬಿಟ್ಟೆ. ಮೂರೂ ಸಲಾ ಯಾವುದರೆ ಹಬ್ಬ ಬಂತು, ಇಲ್ಲಾ ಮದಿವಿ ಬಂತು. ನಮ್ಮ ಕಡೆ ಸಿಹಿ ಬಿಟ್ಟ ಬದುಕಾಕ ಆಗ್ತೈತೇನ?" ಕೇಳಿ ನಕ್ಕೆ. ಆಮೇಲೆ ನಗು ನಿಂತಿತು, ಯಾಕಂದ್ರೆ ಒಂದು ವರ್ಷದ ಹಿಂದೆ ನಾನೂ ಹಿಂಗೇ ಅಂತಿದ್ದೆ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಡಯಟಿಷಿಯನ್ನೂ ಅಲ್ಲ. ಓದಿದ್ದು ಬಿಕಾಂ. ಹಗಲು ಚಿಕ್ಕೋಡಿಯಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟಂಟ್ ಹತ್ತಿರ ಕೆಲಸ. ನಿಪ್ಪಾಣಿ, ಅಥಣಿ, ಕಾಗವಾಡ ಅಂತ ಅಂಗಡಿ ಅಂಗಡಿ ತಿರುಗಿ ಬಿಲ್ ತಂದು ಜಿಎಸ್‌ಟಿ ರಿಟರ್ನ್ ತುಂಬೋದು. ರಾತ್ರಿ ಈ ಪಾಡ್‌ಕಾಸ್ಟ್. ನನಗೆ ಬರೋ ವಿದ್ಯೆ ಅಂದ್ರೆ ಲೆಕ್ಕ ಬರೆಯೋದು ಒಂದೇ. ಇವತ್ತು ಹೇಳೋದೂ ಲೆಕ್ಕದ ಕಥೆನೇ.

ನಮ್ಮಪ್ಪನಿಗೆ ಶುಗರ್ ಬಂದು ಆರು ವರ್ಷ. ಕಳೆದ ವರ್ಷ ಅವನ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿ ಗಾಯ ಆಗಿತ್ತು. ಸಣ್ಣ ಗಾಯ, ತಿಂಗಳಾದರೂ ಮಾಯಲಿಲ್ಲ. ರಕ್ತ ತಪಾಸಣೆಗೆ ಕರಕೊಂಡು ಹೋದಾಗ, ಹೆಂಗೂ ಬಂದೀನಿ ಅಂತ ನಾನೂ ರಕ್ತ ಕೊಟ್ಟೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಎಚ್‌ಬಿಎ1ಸಿ ಪರೀಕ್ಷೆ. ನನ್ನದು 6.2 ಬಂತು. 5.7ಕ್ಕಿಂತ ಕೆಳಗೆ ಇದ್ದರೆ ಸರಿ, 6.5 ಮತ್ತು ಅದಕ್ಕಿಂತ ಮೇಲೆ ಇದ್ದರೆ ಮಧುಮೇಹ, ನಡುವೆ ಇದ್ದರೆ ಮಧುಮೇಹದ ಹೊಸ್ತಿಲು. ಆಗ ನನಗೆ 28 ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 84 ಕೆಜಿ. ನಾನು ಅಂದ್ಕೊಂಡಿದ್ದು ಏನಪಾ ಅಂದ್ರೆ, ಸ್ವಲ್ಪ ಹೊಟ್ಟೆ ಬಂದೈತಿ, ಮೈತುಂಬ ಇದ್ದೀನಿ, ಅಷ್ಟೇ.

ಅಷ್ಟೇ ಅಲ್ಲ ಅದು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಬರುತ್ತೆ. ನನ್ನದು ಹತ್ತಿರ ಹತ್ತಿರ 30. ಬೇರೆ ದೇಶಗಳಲ್ಲಿ 25 ದಾಟಿದರೆ ಹೆಚ್ಚು ತೂಕ ಅಂತಾರೆ, ನಮ್ಮ ಭಾರತೀಯರಿಗೆ ಆ ಗೆರೆ 23ಕ್ಕೇ ಇದೆ. 25ಕ್ಕೆ ಬೊಜ್ಜು. ಯಾಕಂದ್ರೆ ನಮ್ಮ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂಡುತ್ತೆ, ಸಕ್ಕರೆ ರೋಗವೂ ಕಡಿಮೆ ತೂಕಕ್ಕೇ ಹತ್ತುತ್ತೆ. ಸೊಂಟದ ಅಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಣ್ಮಕ್ಕಳಿಗೆ 80 ದಾಟಬಾರದು. ಟೇಲರ್ ಟೇಪ್ ತಗೊಂಡು ನೋಡಿದೆ, 98. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ, ಹೊಸ್ತಿಲ ಮೇಲೆ ಇನ್ನೂ 13.6 ಕೋಟಿ ಜನ ನಿಂತಿದ್ದಾರೆ. ಆ 13.6 ಕೋಟಿಯಲ್ಲಿ ನಾನೊಬ್ಬ.

ಮನೆಗೆ ಬಂದವನೇ ಘೋಷಣೆ ಮಾಡಿದೆ, ಇವತ್ತಿಂದ ಸಿಹಿ ಬಂದ್. ಅವ್ವ ಏನೂ ಅನ್ನಲಿಲ್ಲ. ಅಪ್ಪ ಮಾತ್ರ, "ನಿನ್ನ ಬಿಕಾಂ ಫೀ ಯಾರ ಕಟ್ಟಿದ್ದಲೇ? ಸಕ್ರಿನ ಕಟ್ಟಿದ್ದು" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮದು ಕಬ್ಬಿನ ಮನೆ. ನಮ್ಮ ಐದೂ ತಾಲೂಕು ಹಂಗೇ. ಉಗಾರದ ಕಾರ್ಖಾನೆ ಕಂಪನಿ ಹುಟ್ಟಿದ್ದು 1939ರಲ್ಲಿ. ಆಮೇಲೆ ಚಿಕ್ಕೋಡಿಗೆ ದೂಧಗಂಗಾ, ನಿಪ್ಪಾಣಿಗೆ ಹಾಲಸಿದ್ಧನಾಥ, ಅಥಣಿಗೆ ಕೃಷ್ಣಾ ಅಂತ ಸಹಕಾರಿ ಕಾರ್ಖಾನೆಗಳು ಬಂದವು. ಹಂಗಾಮು ಶುರುವಾದರೆ ರಸ್ತೆ ತುಂಬ ಡಬಲ್ ಟ್ರೇಲರ್ ಟ್ರ್ಯಾಕ್ಟರ್. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೊಡ್ರಿ ಅಂತ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತಿದ್ದರಲ್ಲ, ಕೊನೆಗೆ 3,300ಕ್ಕೆ ಬಗೆಹರೀತು, ಅಲ್ಲಿಗೆ ಅಪ್ಪನೂ ಒಂದು ದಿನ ಹೋಗಿ ಕೂತು ಬಂದಿದ್ದ. ಇಂಥ ಮನೆಯಲ್ಲಿ ಸಿಹಿ ಬಂದ್ ಅಂದ್ರೆ ಯಾರು ಕೇಳ್ತಾರೆ?

ನಾಲ್ಕೇ ದಿನಕ್ಕೆ ಘೋಷಣೆ ಮುರೀತು. ಹುಣ್ಣಿಮೆ ಬಂತು, ಹೋಳಿಗೆ ಆಯ್ತು, ಮೂರು ತಿಂದೆ. ತಿಂದು ಅಪರಾಧ ಮಾಡಿದವನ ಹಂಗೆ ಮೂಲೆಯಲ್ಲಿ ಕೂತೆ. ಅವತ್ತು ರಾತ್ರಿ ಯಾವುದೋ ಅಂಗಡಿಯ ಬಿಲ್ ಜೋಡಿಸುತ್ತಿದ್ದಾಗ ಹೊಳೀತು: ಗಿರಾಕಿಗಳಿಗೆ ನಾನೇ ಹೇಳ್ತೀನಲ್ಲ, ದೊಡ್ಡ ಖರ್ಚಿನ ಮೇಲೆ ಕಣ್ಣಿರುತ್ತೆ, ರೊಕ್ಕ ಸೋರೋದು ದಿನದ ಚಿಲ್ಲರೆ ಖರ್ಚಿನಲ್ಲಿ ಅಂತ. ನನ್ನ ಸಕ್ಕರೆ ಎಲ್ಲಿಂದ ಬರ್ತಿದೆ ಅಂತ ನಾನು ಯಾವತ್ತರೆ ಬರೆದು ನೋಡೀನೇನು?

ಎರಡು ವಾರ ಬರೆದೆ. ಫೋನಿನ ನೋಟ್ಸ್‌ನಲ್ಲೇ, ಯಾವ ಆ್ಯಪೂ ಇಲ್ಲ. ಏನನ್ನೂ ಬಿಡಲಿಲ್ಲ, ಬರೀ ಬರೆದೆ. ಮನೆಯ ಚಮಚದಲ್ಲಿ ಎಷ್ಟು ಸಕ್ಕರೆ ಹಿಡಿಯುತ್ತೆ ಅಂತ ನೋಡಾಕ ಇಪ್ಪತ್ತು ಚಮಚ ಸಕ್ಕರೆ ಒಂದು ಪೊಟ್ಟಣಕ್ಕೆ ಹಾಕಿ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. 100 ಗ್ರಾಂ ಆಸುಪಾಸು. ಅಂದ್ರೆ ಚಮಚಕ್ಕೆ 5 ಗ್ರಾಂ. ನಮ್ಮ ಮನೆಯ ಚಹಾಕ್ಕೆ ಎರಡು ಚಮಚ. ಬಸ್ ಸ್ಟ್ಯಾಂಡಿನ ಹತ್ತಿರ ನಾನು ಕುಡಿಯೋ ಅಂಗಡಿಯ ಕಾಕಾನನ್ನ ಕೇಳಿದೆ, ಅವರು "ಅರವತ್ತ ಚಾಕ್ಕ ಅರ್ಧಾ ಕೇಜಿ ಹಿಡೀತೈತಿ ನೋಡಪಾ" ಅಂದ್ರು. ಸಣ್ಣ ಕಪ್ಪಿಗೆ 8 ಗ್ರಾಂ ಆಯ್ತು.

ಈಗ ಕೇಳಿ. ಮನೆಯಲ್ಲಿ ಎರಡು ಚಹಾ, 20 ಗ್ರಾಂ. ಹೊರಗೆ ನಾಲ್ಕು, 32 ಗ್ರಾಂ. ದಿನಕ್ಕೆ 52 ಗ್ರಾಂ. ಬಿಸ್ಕತ್ತು, ಟೋಸ್ಟು ಇದರಲ್ಲಿ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆ ಪ್ರಕಾರ, ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸ ಎಲ್ಲ ಕೂಡಿ ದಿನದ ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಬೇಕು. ದಿನಕ್ಕೆ 2,000 ಕ್ಯಾಲೊರಿ ತಿನ್ನೋರಿಗೆ ಅದು 50 ಗ್ರಾಂ. ಶೇ 5ಕ್ಕೆ, ಅಂದ್ರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೇದು. ನಾನು ಒಂದು ತುಣುಕು ಪೇಢೆ ಮುಟ್ಟದೇ, ಬರೀ ಚಹಾದಲ್ಲೇ ಗಡಿ ದಾಟುತ್ತಿದ್ದೆ.

ವರ್ಷಕ್ಕೆ ಗುಣಿಸಿದೆ. 19 ಕೆಜಿ. ನೂರು ಕೆಜಿ ಕಬ್ಬಿಗೆ ಹತ್ತು ಕೆಜಿ ಸಕ್ಕರೆ ಅಂತ ಹಿಡಿದರೆ, 190 ಕೆಜಿ ಕಬ್ಬನ್ನು ನಾನೊಬ್ಬನೇ ಚಹಾದಲ್ಲಿ ಕುಡಿದಿದ್ದೆ.

ಹೋಳಿಗೆಯ ಲೆಕ್ಕವನ್ನೂ ಹಾಕಿದೆ, ಅದಕ್ಕೆ ಅನ್ಯಾಯ ಆಗಬಾರದು ಅಂತ. ನಮ್ಮವ್ವ ಒಂದು ಕೆಜಿ ಕಡಲೆಬೇಳೆಗೆ ಒಂದು ಕೆಜಿ ಬೆಲ್ಲ ಹಾಕ್ತಾಳೆ, 37-38 ಹೋಳಿಗೆ ಆಗ್ತಾವೆ. ಒಂದರಲ್ಲಿ 27 ಗ್ರಾಂ ಬೆಲ್ಲ. ಯುಗಾದಿ, ಕಾರಹುಣ್ಣಿಮೆ, ದಸರಾ, ದೀಪಾವಳಿ ಅಂತ ವರ್ಷಕ್ಕೆ ಹದಿನೈದು ಸಲ ಹೋಳಿಗೆ ಅನ್ನಿ, ಪ್ರತಿ ಸಲ ಮೂರು ತಿಂದೆ ಅನ್ನಿ. ಒಟ್ಟು 1.2 ಕೆಜಿ. ಪಂಚಮಿ ಉಂಡಿ, ಮಾದ್ಲಿ, ಕುಂದಾ, ಮದುವೆ ಜಿಲೇಬಿ ಎಲ್ಲ ಸೇರಿಸಿ ಬೇಕಾದರೆ ಮೂರು ಪಟ್ಟು ಮಾಡಿ. ಆದರೂ 19ರ ಹತ್ತಿರ ಬರೋದಿಲ್ಲ.

ರಾಯಬಾಗದ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದೇ. ನೀನು ಹಬ್ಬದ ಜೊತೆ ಜಗಳಾ ತಗದೀ. ಹಬ್ಬ ವರ್ಷಕ್ಕೆ ಹದಿನೈದು ದಿನ, ಉಳಿದ 350 ದಿನ ಸಕ್ಕರೆ ನಿನ್ನ ಕಪ್ಪಿನಲ್ಲಿ ಹೆಸರಿಲ್ಲದೇ ಬರ್ತಿತ್ತು. ನಮ್ಮ ಮನಸ್ಸು ತಟ್ಟೆಯಲ್ಲಿ ಕಾಣೋದನ್ನ ಮಾತ್ರ ಸಿಹಿ ಅಂತ ಎಣಿಸುತ್ತೆ. ಕುಡಿಯೋ ಸಕ್ಕರೆಯ ಇನ್ನೊಂದು ಗುಣ ಏನಂದ್ರೆ, ಅದು ಹೊಟ್ಟೆ ತುಂಬಿಸೋದಿಲ್ಲ. ಎರಡು ಹೋಳಿಗೆ ತಿಂದವನು ರೊಟ್ಟಿ ಕಡಿಮೆ ತಿಂತಾನೆ. ನಾಲ್ಕು ಚಹಾ ಕುಡಿದವನು ಊಟವನ್ನೂ ಅಷ್ಟೇ ಮಾಡ್ತಾನೆ. ಬೇಸಿಗೆಯಲ್ಲಿ ಕುಡಿಯೋ ಕಬ್ಬಿನ ಹಾಲಿಗೂ ಇದೇ ಮಾತು, ದೊಡ್ಡ ಗ್ಲಾಸಿನಲ್ಲಿ ಅಂದಾಜು 30 ಗ್ರಾಂ ಸಕ್ಕರೆ. ಬಾಟಲಿಯ ಗ್ಯಾಸ್ ಡ್ರಿಂಕ್ ಬಗ್ಗೆ ಹೇಳೋದೇ ಬೇಡ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಶೇ 40 ಜಿಎಸ್‌ಟಿ ಇದೆ. ಚಹಾದ ಸಕ್ಕರೆಗೆ ಶೇ 5. (ನನ್ನ ಕೆಲಸದ ಚಟ, ಕ್ಷಮಿಸಿ.)

ಸರಿ, ಬಿಡೋದು ಹೆಂಗೆ? ಮನೆಯ ಚಹಾ ಸುಲಭ ಇತ್ತು. ಎರಡು ಚಮಚದಿಂದ ಒಂದೂವರೆ, ಎರಡು ವಾರ ಬಿಟ್ಟು ಒಂದು, ಮತ್ತೆ ಎರಡು ವಾರ ಬಿಟ್ಟು ಅರ್ಧ. ಒಮ್ಮೆಲೇ ಬಿಟ್ಟಿದ್ದರೆ ಮೂರನೇ ದಿನಕ್ಕೆ ಓಡಿಹೋಗ್ತಿದ್ದೆ. ನಾಲಿಗೆ ನಿಧಾನಕ್ಕೆ ಹೊಂದಿಕೊಳ್ತು. ಈಗ ಯಾರದಾದರೂ ಮನೆಯಲ್ಲಿ ಮೊದಲಿನಂಥ ಚಹಾ ಕೊಟ್ಟರೆ ಪಾಯಸ ಕುಡಿದ ಹಂಗೆ ಆಗುತ್ತೆ. ಸಕ್ಕರೆ ಬದಲು ಸಿಹಿ ಗುಳಿಗೆ ಹಾಕಿದರೆ ಆಯ್ತಲ್ಲ ಅಂತ ಕೇಳಬಹುದು. ತೂಕ ಇಳಿಸೋ ಸಲುವಾಗಿ ಅವನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗಲ್ಲ, ಅವರು ತಮ್ಮ ಡಾಕ್ಟರನ್ನು ಕೇಳಬೇಕು.

ಹೊರಗಿನ ಚಹಾನೇ ಕಷ್ಟ. ಅಂಗಡಿ ಚಹಾದಲ್ಲಿ ಸಕ್ಕರೆ ಮೊದಲೇ ಕುದ್ದಿರುತ್ತೆ, ಕಡಿಮೆ ಹಾಕ್ರಿ ಅನ್ನೋ ಹಂಗಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಜನ. ನಾನು ಬಿಲ್ ತಗೊಳಾಕ ಹೋದ ಅಂಗಡಿಯಲ್ಲಿ ಕೂತ ತಕ್ಷಣ ಚಹಾ ಹೇಳ್ತಾರೆ. ಬ್ಯಾಡ್ರಿ ಅಂದ್ರೆ, "ಯಾಕ್ರಿ ಸಾಹೇಬ್ರ, ನಮ್ಮ ಮ್ಯಾಲ ಸಿಟ್ಟೇನು?" ಅಂತಾರೆ. ನಿಪ್ಪಾಣಿಯ ಒಬ್ಬ ಯಜಮಾನರಂತೂ ಚಹಾ ಕುಡಿಯದೇ ಇದ್ದರೆ ಬಿಲ್ ಕೊಡೋದಿಲ್ಲ ಅಂತ ನಕ್ಕೊಂತನೇ ಫೈಲ್ ಹಿಡಕೊಂಡು ಕೂತಿದ್ದರು. ಡಯಟ್ ಮಾಡ್ತಿದೀನಿ ಅಂದ್ರೆ ಇನ್ನೂ ಕೆಟ್ಟದ್ದು, ಅಂಗಡಿಯವರೆಲ್ಲ ಸೇರಿ ನನ್ನ ಹೊಟ್ಟೆ ನೋಡಿ ಅಭಿಪ್ರಾಯ ಹೇಳಾಕ ಶುರು ಮಾಡ್ತಾರೆ.

ಇದಕ್ಕೆ ದಾರಿ ಸಿಕ್ಕಿದ್ದು ನಮ್ಮ ಪಕ್ಕದ ಮನೆಯ ಕಾಕೂ ಹತ್ತಿರ. ಅವರು ಜೈನರು, ತವರುಮನೆ ಶೇಡಬಾಳ. ನಮ್ಮ ಭಾಗದಲ್ಲಿ ಜೈನ ರೈತ ಕುಟುಂಬಗಳು ಬಹಳ. ಆಚಾರ್ಯ ಶಾಂತಿಸಾಗರ ಮಹಾರಾಜರು ನಮ್ಮ ಭೋಜದವರೇ. ಕಾಕೂ ಮಂಗಳವಾರ ಸಿಹಿ ಮುಟ್ಟೋದಿಲ್ಲ. ಅವರಲ್ಲಿ ರಸ ಪರಿತ್ಯಾಗ ಅಂತ ಒಂದು ತಪಸ್ಸು ಇದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು, ಇವುಗಳಲ್ಲಿ ಒಂದನ್ನೋ ಹೆಚ್ಚನ್ನೋ ಇಷ್ಟು ದಿನ ಅಂತ ಬಿಡೋದು. ಸೂರ್ಯ ಮುಳುಗೋದರೊಳಗೆ ಊಟ ಮುಗಿಸೋದಂತೂ ಅವರ ಮನೆಯಲ್ಲಿ ದಿನದ ಪದ್ಧತಿ. ನಾನು ಸಣ್ಣವನಿದ್ದಾಗಿಂದ ನೋಡಿದ್ದೀನಿ, ಕಾಕೂಗೆ ಯಾರೂ ಒತ್ತಾಯ ಮಾಡೋದಿಲ್ಲ. "ಇವತ್ತ ನನಗ ನಿಯಮ ಐತಿ" ಅಂದ್ರೆ ಮುಗೀತು. ಕೊಟ್ಟವರಿಗೆ ಅವಮಾನ ಇಲ್ಲ, ಬಿಟ್ಟವರಿಗೆ ಸಂಕೋಚ ಇಲ್ಲ.

ನಾನು ಹೋಗಿ ಕೇಳಿದೆ, "ಕಾಕೂ, ನಾನೂ ನಿಯಮ ಐತಿ ಅಂತ ಹೇಳಿದರ ನಡೀತೈತೇನ್ರಿ? ನಾವು ಜೈನರಲ್ಲ, ಮತ್ತ ಇದು ತೂಕಕ್ಕ." ಅವರು ನಕ್ಕರು. "ತೂಕಕ್ಕ ಮಾಡಿದ್ದು ತಪಸ್ಸಲ್ಲೋ ತಮ್ಮಾ, ಅದು ಬ್ಯಾರೆ. ಆದ್ರ ನಿಯಮ ಅಂದಮ್ಯಾಲ ಎಲ್ಲಿಂದ ಎಲ್ಲೀತನಕಾ ಅಂತ ಮದಲ ಹೇಳಬೇಕು. ಸುಮ್ಮನ ಬಿಡ್ತೀನಿ ಅಂದ್ರ ಅದು ನಿಯಮಲ್ಲ, ಬಾಯಿಮಾತು."

ನನ್ನ ಘೋಷಣೆ ಯಾಕೆ ನಾಲ್ಕು ದಿನಕ್ಕೆ ಸತ್ತಿತು ಅಂತ ಅವಾಗ ತಿಳೀತು. "ಇವತ್ತಿಂದ ಬಂದ್" ಅನ್ನೋದಕ್ಕೆ ಕೊನೆಯೇ ಇರಲಿಲ್ಲ. ಪ್ರತಿ ಸಲ ಪೇಢೆ ಮುಂದೆ ಬಂದಾಗಲೂ ಹೊಸದಾಗಿ ತೀರ್ಮಾನ ಮಾಡಬೇಕಾಗಿತ್ತು, ದಿನಕ್ಕೆ ಹತ್ತು ಸಲ ನನ್ನ ಜೊತೆ ನಾನೇ ವಾದ ಮಾಡಬೇಕಾಗಿತ್ತು. ಮೊದಲೇ ಗೆರೆ ಹಾಕಿಟ್ಟರೆ ಆ ವಾದ ಇರೋದಿಲ್ಲ. ನಾನು ಹಾಕಿಕೊಂಡಿದ್ದು ಇಷ್ಟು: ಸೋಮವಾರದಿಂದ ಶನಿವಾರದವರೆಗೆ ಹೊರಗೆ ಒಂದೇ ಚಹಾ, ಅದೂ ಮಧ್ಯಾಹ್ನ ನಾಲ್ಕಕ್ಕೆ. ಮೊದಲು ಒಂದು ತಿಂಗಳಿಗೆ ಅಂತ. ಮುಗಿದ ಮೇಲೆ ಮತ್ತೊಂದು ತಿಂಗಳು. ಹಬ್ಬದ ದಿನ ಹೋಳಿಗೆಗೆ ಯಾವ ಕಟ್ಟೂ ಇಲ್ಲ, ಕೂತು ತಿನ್ನಬೇಕು, ಮರುದಿನದ ಡಬ್ಬಿಗೆ ಕಟ್ಟಿಕೊಂಡು ಹೋಗಬಾರದು.

ಅಂಗಡಿಯವರ ವಿಷಯದಲ್ಲಿ ಇನ್ನೊಂದು ಕಲಿತೆ. ಏನೂ ಬೇಡ ಅಂದ್ರೆ ಅವರಿಗೆ ಬೇಜಾರು. ಬೇರೆ ಏನಾದರೂ ಕೇಳಿದರೆ ಖುಷಿ. "ಚಾ ಬ್ಯಾಡ್ರಿ, ಮಜ್ಜಿಗಿ ಐತೇನ್ರಿ?" ಅಂತ ಕೇಳಿ ನೋಡಿ. ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿದ ಮಜ್ಜಿಗೆ. ಇಲ್ಲದಿದ್ದರೆ ತಣ್ಣನೆಯ ನೀರು ಕೇಳಿ ಕುಡಿದು, ಎರಡು ಮಾತಾಡಿ ಏಳಿ. ಫೈಲ್ ಹಿಡಕೊಂಡು ಕೂತಿದ್ದ ಯಜಮಾನರು ಈಗ ನಾನು ಹೋಗುತ್ತಲೇ ಮನೆಯಿಂದ ಮಜ್ಜಿಗೆ ತರಿಸ್ತಾರೆ.

ಊಟದ ಬಗ್ಗೆ ಬೇಗ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆಯ ಊಟಕ್ಕೆ ದೊಡ್ಡ ರಿಪೇರಿ ಬೇಕಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಜುಣಕ, ಮೊಸರು, ಪಕ್ಕಕ್ಕೆ ಹಸಿ ಮೆಂತೆ, ಸವತೆಕಾಯಿ, ಉಳ್ಳಾಗಡ್ಡಿ. ಪೇಟೆಯವರು ದುಡ್ಡು ಕೊಟ್ಟು ಕೇಳೋ ಡಯಟ್ ಪ್ಲಾನ್ ಇದೇ. 100 ಗ್ರಾಂ ಜೋಳದ ಹಿಟ್ಟಿನಲ್ಲಿ 10 ಗ್ರಾಂ ಹತ್ತಿರ ಪ್ರೋಟೀನ್, ಅಷ್ಟೇ ನಾರು. ಆದರೆ ಜೋಳ ಅಂತ ನಾಲ್ಕು ರೊಟ್ಟಿ ತಿಂದರೆ ಲೆಕ್ಕ ತಪ್ಪುತ್ತೆ. ನಾನು ಎರಡಕ್ಕೆ ನಿಲ್ಲಿಸಿ ಕಾಳು ಪಲ್ಯ ಹೆಚ್ಚು ಮಾಡಿದೆ. ರಾತ್ರಿ ಹತ್ತೂವರೆಯ ಊಟವನ್ನು ಎಂಟಕ್ಕೆ ತಂದೆ, ಕಾಕೂ ಹಂಗೆ ಸೂರ್ಯ ಮುಳುಗೋದರೊಳಗೆ ನನ್ನಿಂದ ಆಗಲಿಲ್ಲ. ಊಟ ಆದ ಮೇಲೆ ಹದಿನೈದು ನಿಮಿಷ ನಡೆಯೋದು, ಅದು ಊಟದ ನಂತರ ಏರೋ ಸಕ್ಕರೆಯನ್ನು ತಗ್ಗಿಸುತ್ತೆ. ಶೇಂಗಾ ಹಿಂಡಿ ಒಳ್ಳೇದು, ಆದರೆ ಶೇಂಗಾದಲ್ಲಿ ಎಣ್ಣೆ ಬಹಳ, ಎರಡು ಚಮಚ ಸಾಕು, ಬಟ್ಟಲು ಬೇಡ. ಚಹಾದ ಜೊತೆಗಿನ ಗ್ಲೂಕೋಸ್ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ಓದಿದೆ. 100 ಗ್ರಾಂನಲ್ಲಿ ನಾಲ್ಕನೇ ಒಂದು ಭಾಗ ಸಕ್ಕರೆ. ಅದನ್ನ ಬಿಟ್ಟೆ, ಬದಲಿಗೆ ಒಂದು ಹಿಡಿ ಹುರಿಗಡಲೆ.

ನಡುವೆ ಬಿದ್ದಿದ್ದೂ ಇದೆ. ಅಥಣಿಯಲ್ಲಿ ಗೆಳೆಯನ ಮದುವೆ, ಜಿಲೇಬಿ ಎಷ್ಟು ತಿಂದೆ ಅಂತ ಐದರ ನಂತರ ಎಣಿಸಲಿಲ್ಲ. ಅದರ ಮರುದಿನದಿಂದ ಹತ್ತು ದಿನ ಚಹಾ ಮತ್ತೆ ನಾಲ್ಕಕ್ಕೆ ಏರಿತು. ನಾಲ್ಕನೇ ತಿಂಗಳಿಂದ ಆರನೇ ತಿಂಗಳವರೆಗೆ ತೂಕದ ಕಾಟಾ ಒಂದು ಕೆಜಿಯೂ ಅಲ್ಲಾಡಲಿಲ್ಲ. ಆಗ ಬಹಳ ಸಿಟ್ಟು ಬಂದಿತ್ತು.

ಹತ್ತು ತಿಂಗಳಿಗೆ 84 ಇದ್ದಿದ್ದು 77 ಆಯ್ತು. ಸೊಂಟ 98ರಿಂದ 92. ಎಚ್‌ಬಿಎ1ಸಿ 5.8. ಸಿನಿಮಾ ಕಥೆ ಅಲ್ಲ ಇದು. ಬಿಎಂಐ ಇನ್ನೂ 27ರ ಮೇಲಿದೆ, ಹೊಸ್ತಿಲನ್ನೂ ಪೂರ್ತಿ ದಾಟಿ ಈ ಕಡೆ ಬಂದಿಲ್ಲ. ಚಹಾದ ಸಕ್ಕರೆ ದಿನಕ್ಕೆ 52 ಗ್ರಾಂ ಇದ್ದದ್ದು ಈಗ 13.

ಇನ್ನು ಅಪ್ಪನ ವಿಷಯ. ಅದನ್ನ ಹೇಳಲೇಬೇಕು. ಶುಗರ್ ಬಂದಾಗಿಂದ ಅಪ್ಪ ಸಕ್ಕರೆ ಚಹಾ ಬಿಟ್ಟು ಬೆಲ್ಲದ ಚಹಾ ಕುಡಿಯುತ್ತಿದ್ದ. ಬೆಲ್ಲ ಏನೂ ಮಾಡೋದಿಲ್ಲ ಅಂತ ಯಾರೋ ಹೇಳಿದ್ದರು. ನಮ್ಮ ಕಡೆ ಮನೆಮನೆಯಲ್ಲೂ ಇದೇ ನಂಬಿಕೆ. ಗಾಣದ ಬೆಲ್ಲ, ಕೆಮಿಕಲ್ ಇಲ್ಲದ ಬೆಲ್ಲ, ಹೆಸರು ಏನೇ ಇರಲಿ, ಬೆಲ್ಲದಲ್ಲಿ ಬಹುಪಾಲು ಇರೋದು ಸಕ್ಕರೆಯೇ. ಕ್ಯಾಲೊರಿಯೂ ಹೆಚ್ಚು ಕಡಿಮೆ ಅಷ್ಟೇ. ಸ್ವಲ್ಪ ಖನಿಜಾಂಶ ಇದೆ, ಸುಳ್ಳಲ್ಲ, ಆದರೆ ಕಬ್ಬಿಣದಂಶ ಬೇಕಂದ್ರೆ ರಾಜಗಿರಿ ಪಲ್ಯ ತಿನ್ನಬಹುದು. ರಕ್ತಕ್ಕೆ ಹೋದ ಮೇಲೆ ಇದು ಬೆಲ್ಲ, ಇದು ಸಕ್ಕರೆ ಅಂತ ಬೇಧ ಇಲ್ಲ. ಅಪ್ಪನಿಗೆ ಇದನ್ನ ಮಾತಿನಲ್ಲಿ ಹೇಳಿ ಹೇಳಿ ಸೋತೆ. ಕೊನೆಗೆ ಗ್ಲೂಕೋಮೀಟರ್ ತಂದೆ. ಒಂದು ದಿನ ಬೆಲ್ಲದ ಚಹಾ ಕುಡಿಯೋ ಮೊದಲು ಒಮ್ಮೆ, ಒಂದು ತಾಸಿನ ನಂತರ ಒಮ್ಮೆ ನೋಡಿದೆವು. ಅಪ್ಪ ಎರಡೂ ಅಂಕಿ ತನ್ನ ಕಬ್ಬಿನ ಡೈರಿಯಲ್ಲಿ, ಟನ್ನಿನ ಲೆಕ್ಕದ ಪಕ್ಕದಲ್ಲೇ, ಬರೆದುಕೊಂಡ. ಏನೂ ಮಾತಾಡಲಿಲ್ಲ. ಮರುದಿನ ಮುಂಜಾನೆ ಅವ್ವನಿಗೆ, "ನನಗ ಹಂಗ ಕೊಡ" ಅಂದ. ಹಂಗ ಅಂದ್ರೆ ಏನೂ ಹಾಕದೇ.

ಇದನ್ನ ಕೇಳ್ತಿರೋರ ಮನೆಯಲ್ಲಿ ಶುಗರ್ ಗುಳಿಗೆ, ಇನ್ಸುಲಿನ್ ತಗೊಳೋರು ಇದ್ದರೆ, ಅವರ ಊಟ ಚಹಾ ಒಮ್ಮೆಲೇ ಬದಲಾಯಿಸಬೇಡಿ, ಸಕ್ಕರೆ ಕೆಳಗೆ ಬೀಳೋ ಅಪಾಯ ಇರುತ್ತೆ. ಡಾಕ್ಟರನ್ನ ಕೇಳಿ ಮಾಡಿ. ಅಪ್ಪನ ಗುಳಿಗೆ ಪ್ರಮಾಣವನ್ನೂ ಅವರೇ ನೋಡ್ತಿದ್ದಾರೆ. ಗಾಯ ಮಾಯ್ದಿದೆ, ಬೆರಳಿಗೆ ಜೋಮು ಹಿಡಿಯೋದು ಇನ್ನೂ ಇದೆ.

ನಮ್ಮ ಮನೆಗೆ ತಿಂಗಳಿಗೆ 6 ಕೆಜಿ ಸಕ್ಕರೆ ಬರ್ತಿತ್ತು. ಈಗ 3 ಕೆಜಿ. ಹೋದ ವಾರ ಕಿರಾಣಿ ಅಂಗಡಿಯ ಕಾಕಾ ಅವ್ವನನ್ನ ಕೇಳಿದರಂತೆ, "ಯಾಕ್ರಿ ಅಕ್ಕಾರ, ಮಗಾ ಬೆಂಗಳೂರಿಗೆ ಹೋದನೇನು?"

ಎರಡು ವಾರ ನಿಮ್ಮ ಚಹಾದ ಲೆಕ್ಕ ಬರೆದು, ಒಟ್ಟು ಎಷ್ಟಾಯ್ತು ಅಂತ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಂಚಿಕೆ ನನ್ನ ಹಗಲು ಕೆಲಸದ ವಿಷಯ: ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ಕಂಪೋಸಿಷನ್ ಸ್ಕೀಮ್. ಬರ್ತೀನ್ರಿ.